ದಕ್ಕೆಯಿಂದ ಬೆಂಗ್ರೆಗೆ: ನದಿ ದಾಟುವ ದಿನಚರಿ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಿಂತರೆ ಎದುರು ದಂಡೆಯ ಬೆಂಗ್ರೆಯ ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಬಣ್ಣವೂ ಕಾಣುತ್ತದೆ. ದೋಣಿ ಹತ್ತಿದರೆ ಕೆಲವೇ ನಿಮಿಷದ ದಾರಿ. ಅದೇ ಮನೆಗೆ ಬೈಕಿನಲ್ಲೋ ರಿಕ್ಷಾದಲ್ಲೋ ಹೋಗುತ್ತೇನೆಂದರೆ ನಗರ ದಾಟಿ ಕೂಳೂರಿಗೆ ಹೋಗಬೇಕು. ಅಲ್ಲಿನ ಸೇತುವೆಯ ಮೇಲೆ ಫಲ್ಗುಣಿ ನದಿಯನ್ನು ದಾಟಿ, ತಣ್ಣೀರುಬಾವಿಯ ರಸ್ತೆ ಹಿಡಿದು, ಒಂದು ಕಡೆ ನದಿ ಇನ್ನೊಂದು ಕಡೆ ಕಡಲು ನೋಡುತ್ತಾ ಮತ್ತೆ ದಕ್ಷಿಣಕ್ಕೆ ಬರಬೇಕು. ಹತ್ತು ಕಿಲೋಮೀಟರಿಗೂ ಹೆಚ್ಚಿನ ಸುತ್ತು. ಹಾಗಾಗಿ ಬೆಂಗ್ರೆಯ ಹೆಂಗಸು ಮೀನಿನ ಬುಟ್ಟಿ ಹೊತ್ತು ಬರುವುದೂ ದೋಣಿಯಲ್ಲೇ, ಅವಳ ಮಗಳು ಕಾಲೇಜಿಗೆ ಬರುವುದೂ ದೋಣಿಯಲ್ಲೇ, ಮನೆಗೆ ಅಕ್ಕಿ, ಗ್ಯಾಸ್ ಸಿಲಿಂಡರು, ಮದುವೆಯ ಸೀರೆ ಹೋಗುವುದೂ ದೋಣಿಯಲ್ಲೇ.

ನಗರದ ನಕ್ಷೆ ಬರೆಯುವವರ ಕಣ್ಣಿಗೆ ನದಿಯೆಂದರೆ ಊರಿನ ಅಂಚು. ಅಲ್ಲಿಗೆ ರಸ್ತೆ ಮುಗಿಯಿತು, ಚರಂಡಿ ಮುಗಿಯಿತು, ಪಾಲಿಕೆಯ ಬೀದಿದೀಪ ಮುಗಿಯಿತು. ಬಂದರು ಮತ್ತು ಬೆಂಗ್ರೆಯಲ್ಲಿ ಬದುಕುವವರಿಗೆ ಅದು ನಡುಬೀದಿ. ಈ ಎರಡು ನೋಟಗಳ ನಡುವಿನ ಅಂತರದಲ್ಲೇ ಇಲ್ಲಿನ ಎಲ್ಲ ಸೌಕರ್ಯಗಳ ಕಥೆಯೂ, ಕೊರತೆಗಳ ಕಥೆಯೂ ಇದೆ.

ಮೊದಲು ಈ ನೆಲ ಹೇಗಾಯಿತು ನೋಡೋಣ. ಘಟ್ಟದಿಂದ ಇಳಿದು ಬರುವ ನೇತ್ರಾವತಿ ಮಂಗಳೂರಿನ ದಕ್ಷಿಣಕ್ಕೆ, ಗುರುಪುರ ನದಿ ಎಂದೂ ಕರೆಸಿಕೊಳ್ಳುವ ಫಲ್ಗುಣಿ ಉತ್ತರಕ್ಕೆ. ಎರಡೂ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಮಳೆಗಾಲದ ಅಲೆಗಳು ದಡಕ್ಕೆ ತಂದು ಸುರಿಯುವ ಹೊಯಿಗೆ, ನದಿಗಳು ಹೊತ್ತು ತರುವ ಹೊಯಿಗೆ, ಎರಡೂ ಸೇರಿ ಕಡಲಿಗೆ ಸಮಾನಾಂತರವಾಗಿ ಉದ್ದನೆಯ ದಿಬ್ಬಗಳನ್ನು ಕಟ್ಟಿವೆ. ಉತ್ತರದ ದಿಬ್ಬವೇ ಬೆಂಗ್ರೆ, ದಕ್ಷಿಣದ್ದು ಉಳ್ಳಾಲದ ಕಡೆಯದು. ಫಲ್ಗುಣಿ ಈ ಬೆಂಗ್ರೆಯ ಬೆನ್ನಿಗೆ ಸರಿದು ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಆಮೇಲೆ ಎರಡಕ್ಕೂ ಸೇರಿ ಕಡಲಿಗೆ ಒಂದೇ ಬಾಗಿಲು. ಮೀನುಗಾರರು ಅದನ್ನು ಅಳಿವೆ ಬಾಗಿಲು ಎನ್ನುತ್ತಾರೆ. ಅಲೆಯ ಹೊಡೆತ ಇಲ್ಲದ ಒಳನೀರು ಸಿಕ್ಕಿದ್ದರಿಂದಲೇ ಇಲ್ಲಿ ಬಂದರಾಯಿತು, ಬಂದರಿನ ಬೆನ್ನಿಗೆ ಊರಾಯಿತು.

ಆದರೆ ಅದೇ ಹೊಯಿಗೆ ಅಳಿವೆಯಲ್ಲಿ ಕೂತು ದಾರಿಯನ್ನೂ ಕಟ್ಟುತ್ತದೆ. ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರಗಡಲಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕು ಚಿಕ್ಕ ದೋಣಿಗಳಲ್ಲಿ ಇಳಿದು ಬರುತ್ತಿತ್ತು. ಹಾಗಾಗಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಎದ್ದಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ದೊಡ್ಡ ಹಡಗು, ಅದಿರು, ತೈಲ ಎಲ್ಲ ಅಲ್ಲಿಗೆ ಹೋಯಿತು. ಹಳೆ ಬಂದರಿಗೆ ಉಳಿದದ್ದು ಮೀನು, ಲಕ್ಷದ್ವೀಪದ ಸರಕು, ನದಿ ದಾಟುವ ಜನ. ಬಹಳ ಮಂದಿ ಅದನ್ನು ಇಳಿಗಾಲ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡದು ಹೊರಟುಹೋದ ಮೇಲೂ ಒಂದು ಬಂದರು ಜನರ ಕೈಯಲ್ಲಿ ಉಳಿಯಿತು ಎಂಬುದು ಸಣ್ಣ ಸಂಗತಿಯಲ್ಲ.

ಕತ್ತಲಿರುವಾಗಲೇ ದಕ್ಕೆ ಎದ್ದಿರುತ್ತದೆ. ವಾರಗಟ್ಟಲೆ ಆಳಕಡಲಲ್ಲಿದ್ದು ಮರಳಿದ ಟ್ರಾಲ್ ಬೋಟುಗಳು, ಪರ್ಸಿನ್ ಬೋಟುಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಲ್ಲುತ್ತವೆ. ಹಿಂದಿನ ಸಾಲಿನ ಬೋಟಿನ ಮೀನು ಮುಂದಿನ ಬೋಟುಗಳ ಮೇಲಿಂದಲೇ ದಾಟಿ ದಡಕ್ಕೆ ಬರಬೇಕು. ತಂಡೇಲ ಲೆಕ್ಕ ನೋಡುತ್ತಿರುತ್ತಾನೆ, ಕಲಾಸಿಗಳು ಬುಟ್ಟಿ ದಾಟಿಸುತ್ತಿರುತ್ತಾರೆ. ಅವರಲ್ಲಿ ಕರಾವಳಿಯವರ ಜೊತೆಗೆ ತಮಿಳುನಾಡು, ಆಂಧ್ರ, ಒಡಿಶಾದ ಹುಡುಗರೂ ಇದ್ದಾರೆ. ಏಲಂ ಕೂಗುವವನ ದನಿ ತುಳುವಿನಲ್ಲಿ ಶುರುವಾಗಿ ಬ್ಯಾರಿಯಲ್ಲಿ ಮುಂದುವರಿದು, ಕೇರಳದ ಲಾರಿಯವನು ಎದುರಾದರೆ ಮಲಯಾಳಕ್ಕೆ ತಿರುಗುತ್ತದೆ. ಬಂಗುಡೆ, ಬೂತಾಯಿ ರಾಶಿ ರಾಶಿ. ಅಂಜಲ್, ಮಾಂಜಿ ಎಣಿಸಿ ಇಟ್ಟಂತೆ. ತೊರಕೆ, ಸಿಗಡಿ, ನಂಗು ಬೇರೆ ಬೇರೆ. ಒಂದು ರಾಶಿಯ ಬೆಲೆ ನಿಲ್ಲುವುದಕ್ಕೆ ನಿಮಿಷವೂ ಬೇಡ. ಬೆಲೆ ನಿಂತದ್ದೇ ತಡ, ಹೆಂಗಸರು ರಾಶಿಯನ್ನು ಪಾಲು ಮಾಡಿ ತಮ್ಮ ತಮ್ಮ ಬುಟ್ಟಿಗೆ ತುಂಬಿಕೊಳ್ಳುತ್ತಾರೆ. ಅಲ್ಲಿಂದ ಅವರು ಸ್ಟೇಟ್ ಬ್ಯಾಂಕಿನ ಬಸ್ ನಿಲ್ದಾಣಕ್ಕೆ ನಡೆದು, ಬೆಳಗಿನ ಬಸ್ಸು ಹಿಡಿದು ನಗರದ ಮಾರುಕಟ್ಟೆಗಳಿಗೂ ಮನೆಬಾಗಿಲುಗಳಿಗೂ ಹಂಚಿಹೋಗುತ್ತಾರೆ. ಮಂಗಳೂರಿನ ಯಾವುದೋ ಗುಡ್ಡದ ಮೇಲಿನ ಮನೆಯಲ್ಲಿ ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಕುದಿಯುತ್ತಿದೆಯೆಂದರೆ ಅದರ ಹಿಂದೆ ಇಷ್ಟು ನಡಿಗೆ ಇದೆ.

ಈ ಇಡೀ ವ್ಯವಹಾರ ನಿಂತಿರುವುದು ಮಂಜುಗಡ್ಡೆಯ ಮೇಲೆ. ಬಂಗುಡೆ, ಬೂತಾಯಿಯಂಥ ಎಣ್ಣೆಯಂಶದ ಮೀನು ಬಹಳ ಬೇಗ ಕೆಡುತ್ತದೆ. ಬಿಸಿಲಿಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಅದರೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚತೊಡಗುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರ ಮೈಯೆಲ್ಲ ಕೆಂಪಾಗಿ ತುರಿಕೆ, ತಲೆನೋವು. ಹಾಗಾಗಿ ಬೋಟು ಕಡಲಿಗೆ ಹೋಗುವಾಗಲೇ ಹೊಟ್ಟೆ ತುಂಬ ಐಸು ಹೊತ್ತಿರಬೇಕು. ದಕ್ಕೆಯ ಸುತ್ತಲಿನ ಐಸ್ ಪ್ಲಾಂಟುಗಳ ಕೆಲಸ ಸರಳ. ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರನ್ನು ಸೊನ್ನೆ ಡಿಗ್ರಿಗಿಂತ ಸಾಕಷ್ಟು ಕೆಳಗೆ ತಣಿಸುತ್ತಾರೆ. ಉಪ್ಪಿರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ. ಸಿಹಿನೀರು ತುಂಬಿದ ತಗಡಿನ ಡಬ್ಬಗಳನ್ನು ಅದರಲ್ಲಿ ಇಳಿಬಿಟ್ಟರೆ ಒಳಗಿನ ನೀರು ನಿಧಾನವಾಗಿ ಗಡ್ಡೆಯಾಗುತ್ತದೆ. ಆ ಗಡ್ಡೆಯನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ, ಜಾರುಹಲಗೆಯಲ್ಲಿ ಬೋಟಿನ ಗೋದಾಮಿಗೆ ಸುರಿಯುತ್ತಾರೆ. ಎರಡು ನದಿ, ಒಂದು ಕಡಲು ಎದುರಿಗಿದ್ದರೂ ಇದಕ್ಕೆ ಬೇಕಾದದ್ದು ಕುಡಿಯುವ ಗುಣಮಟ್ಟದ ಸಿಹಿನೀರು, ಎಡೆಬಿಡದ ವಿದ್ಯುತ್ತು. ಒಂದು ಹೊತ್ತು ಕರೆಂಟು ಹೋದರೆ ಅದರ ನಷ್ಟ ನಗರದ ಬೇರೆ ಕಡೆಯವರಿಗೆ ಕಾಣುವುದಿಲ್ಲ. ಇಲ್ಲಿ ಅದು ಬೋಟಿನ ಪ್ರಯಾಣದ ದಿನವನ್ನೇ ಮುಂದೂಡುತ್ತದೆ.

ಇನ್ನು ದಕ್ಕೆಯಲ್ಲಿ ಕೆಲಸ ಮಾಡುವ ಹೆಂಗಸರಿಗೆ ಬೇಕಾದದ್ದೇನು? ಮಳೆಯಲ್ಲಿ ನಿಲ್ಲಲು ಒಂದು ಸೂರು, ಶುಚಿಯಾದ ಶೌಚಾಲಯ, ಕೈಕಾಲು ತೊಳೆಯಲು ನಲ್ಲಿ, ಮೀನು ತುಂಬಿದ ಬುಟ್ಟಿಯ ಜೊತೆ ಹತ್ತಿಸಿಕೊಳ್ಳುವ ವಾಹನ, ಸಾಲ ಕೊಡುವ ಸಹಕಾರಿ ಸಂಘ. ಕೊನೆಯದ್ದನ್ನು ಮೊಗವೀರ ಹೆಂಗಸರು ತಾವೇ ಕಟ್ಟಿಕೊಂಡಿದ್ದಾರೆ. ಕರಾವಳಿಯಲ್ಲಿ ಮೀನುಗಾರ ಮಹಿಳೆಯರ ಸಹಕಾರ ಸಂಘಗಳು ಗಟ್ಟಿಯಾಗಿವೆ. ಉಳಿದವು ಸರ್ಕಾರದಿಂದ ಆಗಬೇಕಾದವು. ಕತ್ತಲಲ್ಲಿ ಮನೆ ಬಿಟ್ಟು ಮಧ್ಯಾಹ್ನದವರೆಗೆ ಹೊರಗೇ ಇರುವ ಹೆಂಗಸಿಗೆ ಶೌಚಾಲಯ ಇಲ್ಲವೆಂದರೆ ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ. ಸೆಕೆಯ ಊರಿನಲ್ಲಿ, ಬಿಸಿಲಲ್ಲಿ ಬುಟ್ಟಿ ಹೊತ್ತು ನಡೆಯುವವಳು ನೀರು ಕುಡಿಯದಿರುವುದು ಮೂತ್ರಕೋಶದ ಸೋಂಕಿಗೆ ನೇರ ದಾರಿ. ಇದನ್ನು ಸರಿಪಡಿಸಲು ಯಾವ ದೊಡ್ಡ ಯೋಜನೆಯೂ ಬೇಡ. ಒಂದು ಕಟ್ಟಡ, ನೀರು, ಅದನ್ನು ದಿನಾ ತೊಳೆಯುವ ಒಬ್ಬರಿಗೆ ಸರಿಯಾದ ಸಂಬಳ.

ದಕ್ಕೆಯಿಂದ ಒಂದು ಬೀದಿ ಒಳಗೆ ಬಂದರೆ ವಾಸನೆ ಬದಲಾಗುತ್ತದೆ. ನೆಲ್ಲಿಕಾಯಿ ರಸ್ತೆ, ಅಜೀಜುದ್ದೀನ್ ರಸ್ತೆ, ಜೆ.ಎಂ. ರಸ್ತೆ, ಭಟ್ಕಳ ಬಜಾರ್: ಇಲ್ಲಿ ಕೊಬ್ಬರಿ, ಒಣಮೆಣಸು, ಅಕ್ಕಿ ಮೂಟೆ, ಬಲೆಯ ನೂಲು, ಹಗ್ಗ, ಬೋಟಿನ ಬಿಡಿಭಾಗ. ಹಂಚಿನ ಮಾಡಿನ ಹಳೆ ಗೋದಾಮುಗಳ ಮುಂದೆ ಲಾರಿ, ಲಾರಿಯ ಮುಂದೆ ಕೈಗಾಡಿ. ಈ ಹಂಚಿಗೂ ಇಲ್ಲಿನ ನೀರಿಗೂ ನಂಟಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಜೇಡಿ ಬಂದದ್ದು ನದಿಯ ದೋಣಿಯಲ್ಲಿ, ಸುಟ್ಟ ಹಂಚು ಹೋದದ್ದು ಕಡಲಿನ ಹಡಗಿನಲ್ಲಿ. ಮಂಗಳೂರು ಹಂಚು ದೇಶದ ಮೂಲೆಮೂಲೆಯ ಮಾಡು ಏರಿದ್ದರಲ್ಲಿ ಈ ಅಗ್ಗದ ನೀರುದಾರಿಯ ಪಾಲು ದೊಡ್ಡದು.

ಬಂದರಿನ ಇನ್ನೊಂದು ತುದಿಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳೆಂಬ ಸರಕುನೌಕೆಗಳು ನಿಲ್ಲುತ್ತವೆ. ಅವುಗಳಿಗೆ ಏನೇನು ಏರಿಸುತ್ತಾರೆಂದು ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ದ್ವೀಪದ ಸಂಸಾರ ಹೇಗೆ ನಡೆಯುತ್ತದೆಂದು ಗೊತ್ತಾಗುತ್ತದೆ. ಅಕ್ಕಿ, ತರಕಾರಿ, ಈರುಳ್ಳಿ, ಸಿಮೆಂಟು, ಜಲ್ಲಿ, ಕಲ್ಲು, ಬಾಗಿಲು, ಪೀಠೋಪಕರಣ. ಹವಳದ ದ್ವೀಪದಲ್ಲಿ ಮನೆ ಕಟ್ಟುವ ಕಲ್ಲೂ ಇಲ್ಲಿಂದಲೇ ಹೋಗಬೇಕು. ಮಳೆಗಾಲ ಹತ್ತಿರವಾದಂತೆ ಈ ಸಂಚಾರ ನಿಲ್ಲುತ್ತದೆ, ಕಡಲು ಶಾಂತವಾದ ಮೇಲೆ ಮತ್ತೆ ಶುರು. ಈ ನಂಟು ಬರೀ ವ್ಯಾಪಾರದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ದ್ವೀಪದವರ ತೆಂಗಿನ ನಾರಿಗೆ ಪ್ರತಿಯಾಗಿ ಸರ್ಕಾರ ಮಂಗಳೂರಿನಿಂದ ಅಕ್ಕಿ ಕೊಡುವ ಪದ್ಧತಿ ಬಹುಕಾಲ ನಡೆದಿತ್ತು. 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಹುಟ್ಟಿದ ಅದೇ ದಿನ, ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾಗಿ ಬೇರೆಯಾದವು. ಆದರೂ ಔಷಧಿಗೆ, ಮದುವೆಯ ಜವಳಿಗೆ, ಮಕ್ಕಳ ಓದಿಗೆ ಮಂಗಳೂರಿಗೆ ಬರುವ ದ್ವೀಪದವರು ಇಂದಿಗೂ ಬಂದರಿನ ಬೀದಿಗಳಲ್ಲಿ ಸಿಗುತ್ತಾರೆ.

ಕಡಲಾಚೆಯಿಂದ ಮನೆಸಾಮಾನು ಬರುವುದು ಇಲ್ಲಿ ಬಹಳ ಹಳೆಯ ರೂಢಿ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ನೆಲೆಸಿದ್ದ. ಏಡನ್ ಬಂದರಿನ ವ್ಯಾಪಾರಿ ಮಿತ್ರರು ಅವನಿಗೆ ಬರೆದ ಪತ್ರಗಳು ಕೈರೋದ ಒಂದು ಪ್ರಾರ್ಥನಾ ಮಂದಿರದ ಹಳೆ ಕಾಗದದ ಕೋಣೆಯಲ್ಲಿ ಉಳಿದು ಬಂದಿವೆ. ಅವನು ಮೆಣಸು, ಅಡಿಕೆ, ಕಂಚಿನ ಪಾತ್ರೆ ಕಳಿಸುತ್ತಿದ್ದ. ಅತ್ತಲಿಂದ ಅವನ ಮನೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನ ಪರವಾಗಿ ಏಡನ್ನಿಗೆ ಹೋಗಿ ಲೆಕ್ಕ ಚುಕ್ತಾ ಮಾಡಿ ಬರುತ್ತಿದ್ದ ಬೊಮ್ಮ ಎಂಬವನ ಹೆಸರೂ ಅಲ್ಲಿದೆ. ಅಮಿತಾವ್ ಘೋಷ್ ತಮ್ಮ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಬೊಮ್ಮನ ಜಾಡು ಹಿಡಿದೇ ಮಂಗಳೂರಿಗೆ ಬಂದರು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಕೂಡ ಈ ದೊಡ್ಡ ಅಳಿವೆಯನ್ನೂ, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರನ್ನೂ ನೆನೆಯುತ್ತಾನೆ. ಅರಸರ ವಂಶಾವಳಿಗಿಂತ ಈ ಸಕ್ಕರೆ ಮತ್ತು ಒಣದ್ರಾಕ್ಷಿಯ ಪಟ್ಟಿ ನನಗೆ ಹೆಚ್ಚು ಪ್ರಿಯ. ಒಂದು ಊರು ನೀರಿನ ಮೂಲಕ ಹೇಗೆ ಬದುಕಿತು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಕುಡಿಯುವ ನೀರಿನ ಮಾತಿಗೆ ಬರೋಣ. ಸುತ್ತ ನೀರಿರುವ ಊರಿನವರು ನೀರಿಗೆ ಪರದಾಡುವುದೇಕೆಂದು ಘಟ್ಟದ ಮೇಲಿನವರು ಕೇಳುತ್ತಾರೆ. ದಿನಕ್ಕೆ ಎರಡು ಸಲ ಭರತ ಬಂದಾಗ ಕಡಲ ನೀರು ನದಿಯೊಳಗೆ ಹಲವು ಕಿಲೋಮೀಟರು ಏರಿ ಬರುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಹರಿವು ಕಡಿಮೆಯಾದಷ್ಟೂ ಉಪ್ಪು ಇನ್ನೂ ಮೇಲಕ್ಕೆ ಹೋಗುತ್ತದೆ. ಅದಕ್ಕೇ ಮಂಗಳೂರು ತನ್ನ ನೀರನ್ನು ತನ್ನ ಎದುರಿನ ನದಿಯಿಂದ ತೆಗೆಯದೆ, ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಿಂಡಿ ಅಣೆಕಟ್ಟು ಕಟ್ಟಿ ಅಲ್ಲಿಂದ ತರುತ್ತದೆ. ಮಳೆ ತಡವಾದರೆ ತುಂಬೆಯ ಮಟ್ಟ ಇಳಿಯುತ್ತದೆ; 2019ರ ಬೇಸಿಗೆಯಲ್ಲಿ ನಗರಕ್ಕೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಕೊಳವೆಯ ಕಟ್ಟಕಡೆಯಲ್ಲಿರುವ ಬಡಾವಣೆಗಳಿಗೆ ಅಂಥ ದಿನಗಳಲ್ಲಿ ನೀರು ಮುಟ್ಟುವುದೂ ಕಡೆಗೇ.

ಬೆಂಗ್ರೆಯ ಹೊಯಿಗೆ ದಿಬ್ಬಕ್ಕೆ ಮಾತ್ರ ತನ್ನದೇ ಒಂದು ಏರ್ಪಾಡಿದೆ. ಹೊಯಿಗೆಗೆ ಬಿದ್ದ ಮಳೆನೀರು ನೆಲಕ್ಕಿಳಿದು, ಕೆಳಗಿರುವ ಉಪ್ಪುನೀರಿನೊಡನೆ ಬೆರೆಯದೆ ಅದರ ಮೇಲೆ ತೇಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಕಡಲಮಟ್ಟಕ್ಕಿಂತ ಒಂದು ಮೀಟರು ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಮೀಟರಿನಷ್ಟು ಆಳದವರೆಗೆ ಅದು ಉಪ್ಪನ್ನು ತಳ್ಳಿ ಹಿಡಿಯಬಲ್ಲದು ಎಂಬುದು ಜಲವಿಜ್ಞಾನದ ಲೆಕ್ಕ. ಅದೇ ಲೆಕ್ಕ ತಿರುಗಿಯೂ ಬೀಳುತ್ತದೆ. ಪಂಪು ಹಾಕಿ ಮೇಲಿನ ನೀರನ್ನು ಬೇಗಬೇಗ ಎಳೆದರೆ ಕೆಳಗಿನ ಉಪ್ಪು ಅಷ್ಟೇ ವೇಗವಾಗಿ ಮೇಲೇಳುತ್ತದೆ. ಕೊಡಪಾನದಲ್ಲಿ ಸೇದುವವರೆಗೆ ಸಿಹಿಯಾಗಿದ್ದ ಬಾವಿ ಮೋಟಾರು ಕೂತ ಮೇಲೆ ಸವುಳಾಗುವುದು ಇದರಿಂದ. ಶೌಚಗುಂಡಿ ಮತ್ತು ಬಾವಿ ಒಂದೇ ಅಂಗಳದಲ್ಲಿರುವ ಒತ್ತೊತ್ತಿನ ಮನೆಗಳಲ್ಲಿ ಇನ್ನೊಂದು ಅಪಾಯ: ಹೊಯಿಗೆ ನೀರನ್ನು ಬೇಗ ಬಿಟ್ಟುಕೊಡುತ್ತದೆ, ಕೊಳೆಯನ್ನೂ. ಇಂಥ ನೆಲಕ್ಕೆ ಒಳಚರಂಡಿ, ನಲ್ಲಿನೀರು ಎರಡೂ ಒಟ್ಟಿಗೆ ಬರಬೇಕು. ಒಂದು ಬಂದು ಇನ್ನೊಂದು ಬಾರದಿದ್ದರೆ ಕಾಯಿಲೆ ತಪ್ಪುವುದಿಲ್ಲ.

ಮಳೆಗಾಲದಲ್ಲಿ ಭರತದ ಪ್ರತಾಪ ಬೇರೆ ರೀತಿಯದು. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ನಗರದ ರಾಜಕಾಲುವೆಗಳು ಹೋಗಿ ಬೀಳುವುದು ಈ ಎರಡು ನದಿಗಳಿಗೆ. ಜೋರು ಮಳೆ ಮತ್ತು ಭರತ ಒಂದೇ ಹೊತ್ತಿಗೆ ಕೂಡಿದರೆ ನದಿ ನೀರನ್ನು ತೆಗೆದುಕೊಳ್ಳುವುದಿಲ್ಲ, ಕಾಲುವೆ ಹಿಂದಕ್ಕೆ ತುಂಬುತ್ತದೆ. 2018ರ ಮೇ 29ರ ಮಳೆಗೆ ಕೊಟ್ಟಾರ ಚೌಕಿಯಂಥ ತಗ್ಗಿನ ಜಾಗಗಳು ಮುಳುಗಿದ್ದನ್ನು ಊರಿನವರು ಇನ್ನೂ ಮರೆತಿಲ್ಲ. ನದಿಯಂಚಿನ ಗದ್ದೆ, ಕಾಂಡ್ಲಾಕಾಡು ಮತ್ತು ಜೌಗುನೆಲ ಮಣ್ಣು ತುಂಬಿಸಿಕೊಂಡು ನಿವೇಶನವಾದಂತೆ ಆ ನೀರು ಕೆಲ ಗಂಟೆ ತಂಗುವ ಜಾಗವೂ ಹೋಯಿತು. ನೀರಂಚಿನ ಬಡಾವಣೆಗೆ ಜೌಗುನೆಲವೂ ಒಂದು ಸೌಕರ್ಯವೇ. ರಸ್ತೆ, ದೀಪದ ಹಾಗೆ ಅದನ್ನೂ ಪಾಲಿಕೆಯ ಆಸ್ತಿಪಟ್ಟಿಯಲ್ಲಿ ಬರೆದು ಕಾಯಬೇಕು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಬೋಟುಗಳೆಲ್ಲ ಫಲ್ಗುಣಿಯೊಳಗೆ ಬಂದು ಸಾಲುಸಾಲಾಗಿ ಕಟ್ಟಿಕೊಳ್ಳುತ್ತವೆ. ಹೊರರಾಜ್ಯದ ಕೆಲಸಗಾರರು ಊರಿಗೆ ಹೋಗುತ್ತಾರೆ. ಐಸ್ ಪ್ಲಾಂಟು ಮೌನ, ದಕ್ಕೆಯ ಚಹಾದಂಗಡಿಗೆ ಅರ್ಧ ವ್ಯಾಪಾರ, ನೂಲಿನ ಅಂಗಡಿಗೆ ಮಾತ್ರ ಸುಗ್ಗಿ. ಏಕೆಂದರೆ ಬಲೆ ಹೆಣೆಯುವ, ಬೋಟಿಗೆ ಬಣ್ಣ ಬಳಿಯುವ, ಎಂಜಿನ್ ಬಿಚ್ಚುವ ಕಾಲ ಇದು. ಬಲೆ ರಿಪೇರಿಗೆ ಬೇಕಾದದ್ದು ಉದ್ದನೆಯ ಸೂರು. ಹತ್ತಾರು ಮೀಟರಿನ ಬಲೆಯನ್ನು ಹರಡಿ ಐದಾರು ಜನ ಎರಡೂ ಕಡೆ ಕೂತು ಕಣ್ಣು ಹಾಕಬೇಕು. ಅಂಥ ಬಲೆಮನೆ ಇರುವ ಊರಿನಲ್ಲಿ ಮಳೆಗಾಲದ ದುಡಿಮೆ ನಿಲ್ಲುವುದಿಲ್ಲ. ಇಲ್ಲದ ಕಡೆ ಟಾರ್ಪಾಲಿನಡಿ, ರಸ್ತೆಬದಿಯಲ್ಲಿ ಕೂತು ಹೆಣೆಯುತ್ತಾರೆ.

ಇದೇ ದಿನಗಳಲ್ಲಿ ನಾಡದೋಣಿಗಳಿಗೆ ಅವಕಾಶ. ಸಣ್ಣ ಎಂಜಿನ್ ಕಟ್ಟಿಕೊಂಡು, ಕಡಲು ಒಂದಿಷ್ಟು ತಣ್ಣಗಾದ ಹೊತ್ತು ನೋಡಿ ಅಳಿವೆ ದಾಟಿ ಹೋಗುತ್ತಾರೆ. ಅಳಿವೆಯಲ್ಲಿ ಹೊಯಿಗೆ ದಿಣ್ಣೆ ಕಟ್ಟಿದಾಗ ಅಲೆ ಅಲ್ಲೇ ಮುರಿದು ಬೀಳುತ್ತದೆ. ದೋಣಿ ಮಗುಚುವುದು, ಬೋಟು ನೆಲಕ್ಕೆ ತಾಗಿ ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಅದಕ್ಕಾಗಿ ಅಳಿವೆಯ ಹೂಳೆತ್ತುವ ಬೇಡಿಕೆ ಮೀನುಗಾರರ ಬಾಯಲ್ಲಿ ಪ್ರತಿವರ್ಷವೂ ಮೊದಲು ಬರುತ್ತದೆ. ನಗರದವರ ಪಾಲಿಗೆ ಅದು ಬಂದರು ಇಲಾಖೆಯ ಒಂದು ಕಾಮಗಾರಿ. ಬೆಂಗ್ರೆಯ ಮನೆಯವರ ಪಾಲಿಗೆ ಗಂಡಸರು ಮನೆಗೆ ಮರಳುವ ದಾರಿ. ನೂಲಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಸಮುದ್ರಪೂಜೆ ಮಾಡುತ್ತಾರೆ. ಆ ಪ್ರಾರ್ಥನೆಯಲ್ಲಿ ಅಳಿವೆಯ ಭಯವೂ ಸೇರಿದೆ.

ಬೆಂಗ್ರೆಯಲ್ಲಿ ತೋಟಬೆಂಗ್ರೆಯ ಕಡೆ ಮೊಗವೀರರ ಮನೆಗಳು ಹೆಚ್ಚು, ಕಸಬಾ ಬೆಂಗ್ರೆಯಲ್ಲಿ ಬ್ಯಾರಿಗಳವು. ಭಜನಾ ಮಂದಿರ, ಮಸೀದಿ, ಶಾಲೆ, ಅಂಗಡಿ, ಪಡಿತರ, ಎಲ್ಲ ತಕ್ಕಮಟ್ಟಿಗೆ ಇವೆ. ಹೊಯಿಗೆಯ ಮೇಲೆ ಬೆಳೆದ ಹುಡುಗರ ಕಾಲಿಗೆ ಚೆಂಡು ಬಹಳ ಬೇಗ ಒಗ್ಗುತ್ತದೆ. ಕಸಬಾ ಬೆಂಗ್ರೆಯ ಫುಟ್‌ಬಾಲ್ ಹುಚ್ಚು ನಗರಕ್ಕೆಲ್ಲ ಗೊತ್ತು. ಇಲ್ಲದಿರುವುದು ಆಸ್ಪತ್ರೆ. ಹೆರಿಗೆನೋವು ಬಂದರೆ ಸರ್ಕಾರಿ ಲೇಡಿ ಗೋಷನ್ ಆಸ್ಪತ್ರೆ ಇರುವುದು ನದಿಯಾಚೆ, ಸ್ಟೇಟ್ ಬ್ಯಾಂಕಿನ ಹತ್ತಿರ. ಅಪಘಾತಕ್ಕೆ, ಹೃದಯಾಘಾತಕ್ಕೆ ವೆನ್ಲಾಕ್ ಆಸ್ಪತ್ರೆಯೂ ಅತ್ತಲೇ. ಹಗಲಾದರೆ ದೋಣಿ. ರಾತ್ರಿ ದೋಣಿ ನಿಂತ ಮೇಲೆ ಆಂಬುಲೆನ್ಸು ಕೂಳೂರು ಸುತ್ತಿ ಬರಬೇಕು, ಸುತ್ತಿ ಹೋಗಬೇಕು. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಎಷ್ಟು ಮುಖ್ಯವೆಂದು ವೈದ್ಯರು ಹೇಳುತ್ತಲೇ ಇರುತ್ತಾರೆ. ಆ ಗಂಟೆಯ ಎಷ್ಟು ಪಾಲು ರಸ್ತೆಯಲ್ಲಿ ಕಳೆಯಿತೆಂದು ಕೇಳುವ ಹಕ್ಕು ಬೆಂಗ್ರೆಯವರಿಗಿದೆ.

ದೋಣಿಯ ಏರ್ಪಾಡು ಬಹುಕಾಲದಿಂದ ಊರವರದ್ದೇ. ಬೆಂಗ್ರೆಯ ಮಹಾಜನ ಸಭೆಯಂಥ ಸ್ಥಳೀಯ ಸಂಸ್ಥೆಗಳು ಅದನ್ನು ಹೊತ್ತು ನಡೆಸಿಕೊಂಡು ಬಂದಿವೆ. ಇದು ಹೆಮ್ಮೆಯ ಮಾತು. ಅದೇ ಸಮಯಕ್ಕೆ, ನಗರದ ಒಂದು ಬಡಾವಣೆಯ ಮುಖ್ಯ ಸಾರಿಗೆಯನ್ನು ಊರವರೇ ನಡೆಸಿಕೊಳ್ಳಲಿ ಎಂದು ಬಿಟ್ಟುಬಿಡುವುದು ಸರಿಯೇ ಎಂದೂ ಕೇಳಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಮಂಗಳೂರಿನ ನಗರ ಸಾರಿಗೆ ಬಹುಪಾಲು ಖಾಸಗಿ ಬಸ್ಸುಗಳ ಕೈಯಲ್ಲಿದೆ, ದೋಣಿಯಂತೂ ಯೋಜನೆಯೊಳಗೆ ಇಲ್ಲವೇ ಇಲ್ಲ. ಹೀಗಾಗಿ ಬೆಂಗ್ರೆಯಿಂದ ಬಂದರಿಗೆ ಬಂದು ಬಸ್ಸು ಹಿಡಿಯುವ ಹೆಂಗಸು ದೋಣಿಗೂ ದುಡ್ಡು ಕೊಡುತ್ತಾಳೆ, ಬಸ್ಸಿಗೂ ಕೊಡುತ್ತಾಳೆ.

ಸ್ವಲ್ಪ ಉತ್ತರಕ್ಕೆ, ಬೋಳೂರಿನ ಸುಲ್ತಾನ್ ಬತ್ತೇರಿಯಿಂದಲೂ ತಣ್ಣೀರುಬಾವಿಯ ಕಡೆಗೆ ದೋಣಿಯಿದೆ. 1784ರಲ್ಲಿ ಟಿಪ್ಪು ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ಕಾಯಲು ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ ಅದು. ಭಾನುವಾರ ಅಲ್ಲಿ ಕಡಲತೀರಕ್ಕೆ ಹೋಗುವ ಕುಟುಂಬಗಳ ಸಾಲು. ಆ ದೋಣಿಯಲ್ಲಿ ನಗರದವರು ನಗುತ್ತಾ ಫೋಟೊ ತೆಗೆಯುವುದನ್ನು ನೋಡಲು ಸಂತೋಷವೇ. ನದಿ ಎಲ್ಲರದ್ದಾಗಬೇಕು.

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ನದಿದಂಡೆಯ ಕಾಲುದಾರಿ, ಕೂರುವ ಜಾಗ, ಬೆಳಕಿನ ಮಾತು ಜೋರಾಯಿತು. ಕೆಲವು ಕೆಲಸವೂ ನಡೆಯಿತು. ಸಂಜೆ ನಡೆಯಲು ಜಾಗ ಬೇಕು. ಸೆಕೆಯ ಊರಿನಲ್ಲಿ ನದಿಯ ಗಾಳಿ ಯಾರಿಗೆ ಬೇಡ? ಆದರೆ ದಂಡೆಯೆಂದರೆ ನೋಟಕ್ಕಿರುವ ಜಾಗ ಎಂದಷ್ಟೇ ಯೋಚಿಸಿದರೆ ದೋಣಿ ಎಳೆದು ನಿಲ್ಲಿಸುವ ಇಳಿಜಾರು, ಮರುವಾಯಿ ಹೆಕ್ಕಲು ಇಳಿಯುವ ಕಾಲುಹಾದಿ, ಬಲೆ ಒಣಗಿಸುವ ಬಯಲು, ಬೋಟು ಕಟ್ಟುವ ಗೂಟ ಎಲ್ಲ ಒತ್ತುವರಿಯಂತೆ ಕಾಣತೊಡಗುತ್ತವೆ. ತಡೆಗೋಡೆ ಕಟ್ಟಿ ಕಂಬಿ ಹಾಕಿದ ಮೇಲೆ ನೀರಿಗಿಳಿಯುವ ಮೆಟ್ಟಿಲು ಇಲ್ಲವಾದರೆ, ಆ ದಂಡೆಯಲ್ಲಿ ತಲೆಮಾರುಗಳಿಂದ ದುಡಿದವನಿಗೆ ನದಿಯೇ ದೂರವಾಯಿತು. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಲ್ಲಿ ಬಂದಾಗಿನಿಂದ ಮೀನುಗಾರರ ವಸತಿ ಮತ್ತು ದುಡಿಮೆಯ ಜಾಗಕ್ಕೆ ಅದರಲ್ಲಿ ವಿಶೇಷ ಮಾತಿದೆ. ಕಾಲುದಾರಿಯ ನಕ್ಷೆ ಬರೆಯುವಾಗ ಆ ಮಾತು ಮೊದಲು ಮೇಜಿನ ಮೇಲಿರಬೇಕು.

ಕೊಚ್ಚಿಯಲ್ಲಿ 2023ರ ಏಪ್ರಿಲಿನಲ್ಲಿ ವಾಟರ್ ಮೆಟ್ರೊ ಶುರುವಾಯಿತು. ಪೂರ್ತಿ ಯೋಜನೆಯಲ್ಲಿ 38 ನಿಲ್ದಾಣ, 78 ವಿದ್ಯುತ್ ದೋಣಿಗಳು. ಮಂಗಳೂರಿಗೂ ಅಂಥದ್ದನ್ನು ತರುವ ಪ್ರಸ್ತಾಪವಿದೆ. ಬರಲಿ. ಆದರೆ ಅದರಿಂದ ಮೊದಲು ಕಲಿಯಬೇಕಾದದ್ದು ಹವಾನಿಯಂತ್ರಿತ ದೋಣಿಯನ್ನಲ್ಲ, ಅಲ್ಲಿನ ತೇಲುವ ಜೆಟ್ಟಿಯನ್ನು. ಮಂಗಳೂರಿನ ಅಳಿವೆಯಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದು ಮೀಟರಿಗೂ ಹೆಚ್ಚು ವ್ಯತ್ಯಾಸ ಬರುವ ದಿನಗಳಿವೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಸರಿಯುತ್ತದೆ. ಹಾಗಾಗಿ ನಿನ್ನೆ ದೋಣಿಯಿಂದ ಸಲೀಸಾಗಿ ಕಾಲಿಟ್ಟ ಅದೇ ಮೆಟ್ಟಿಲು ವಾರ ಕಳೆದು ಅದೇ ಹೊತ್ತಿಗೆ ಸೊಂಟದೆತ್ತರಕ್ಕೆ ಇರುತ್ತದೆ, ಪಾಚಿ ಕಟ್ಟಿ ಜಾರುತ್ತಿರುತ್ತದೆ. ತೇಲುವ ಜೆಟ್ಟಿ ನೀರಿನ ಜೊತೆಗೇ ಏರಿ ಇಳಿಯುತ್ತದೆ, ದೋಣಿಯ ನೆಲ ಮತ್ತು ಜೆಟ್ಟಿಯ ನೆಲ ಸದಾ ಒಂದೇ ಮಟ್ಟ. ಗಾಲಿಕುರ್ಚಿ ಹೋಗುತ್ತದೆ, ಸ್ಟ್ರೆಚರ್ ಹೋಗುತ್ತದೆ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು ಯಾರ ಕೈಯನ್ನೂ ಹಿಡಿಯದೆ ಇಳಿದು ಹೋಗುತ್ತಾಳೆ. ಬಂದರಿನ ಕಡೆ ಒಂದು, ಬೆಂಗ್ರೆಯ ಕಡೆ ಒಂದು, ಎರಡಕ್ಕೂ ಸೂರು ಮತ್ತು ದೀಪ, ರಾತ್ರಿಗೆಂದೇ ಮೀಸಲಾದ ಒಂದು ಆಂಬುಲೆನ್ಸ್ ದೋಣಿ: ಈ ವರ್ಷದ ಬಜೆಟ್ಟಿನಲ್ಲೇ ಬರೆಯಬಹುದಾದಷ್ಟು ಸಣ್ಣ ಪಟ್ಟಿ ಇದು.